ಹೋಗಬಾರದಿದ್ದ ಕಲೆ

ಇಳಕಲ್ಲಿನ ನೇಕಾರರ ಮನೆಗೆ ನನ್ನನ್ನು ಕೊಟ್ಟಾಗ ಬಾಗಲಕೋಟೆಯ ನನ್ನ ಗೆಳತಿಯರಿಗೆಲ್ಲ ಹೊಟ್ಟೆಕಿಚ್ಚು. "ನಿಂದೇನವಾ ಮಹಾನಂದಾ, ಮುಂಜಾನಿಗೊಂದು ಸೀರಿ, ಸಂಜಿಗೊಂದು ಸೀರಿ" ಎಂದು ಕಣ್ಣರಳಿಸಿದ್ದರು. ಅವರ ಮಾತು ಸುಳ್ಳಾಗಲಿಲ್ಲ. ನನ್ನ ಕಪಾಟಿಗೆ ಎಂದೂ ಸೀರೆಯ ಬರ ಬಂದಿಲ್ಲ. ಆದರೆ ಮಗ್ಗವಿರುವ ಮನೆಯಲ್ಲಿ ಎಂಥ ಸೀರೆ ಮನೆಯಲ್ಲೇ ಉಳಿಯುತ್ತದೆ ಎಂಬ ಗುಟ್ಟನ್ನು ಮದುವೆಗೆ ಮುಂಚೆ ಯಾರೂ ಹೇಳಿಕೊಡುವುದಿಲ್ಲ. ಚೆನ್ನಾಗಿ ಬಂದದ್ದು ಅಂಗಡಿಗೆ ಹೋಗುತ್ತದೆ. ಎಳೆ ತಪ್ಪಿದ್ದು, ದಡಿ ಸೊಟ್ಟಗಾದದ್ದು, ಮಗ್ಗದ ಎಣ್ಣೆ ಸಿಡಿದದ್ದು 'ಡ್ಯಾಮೇಜು' ಎಂಬ ಬಿರುದು ಹೊತ್ತು ನನ್ನ ಕಪಾಟಿಗೆ ಬರುತ್ತದೆ.

ಹೀಗಾಗಿ ನನ್ನ ಇಡೀ ಸಾಮಾಜಿಕ ಜೀವನ ನಿಂತಿರುವುದು ನಿರಿಗೆಯ ಮೇಲೆ. ಹಸಿರು ಸೀರೆಯ ದೋಷ ಎಡಭುಜಕ್ಕೆ ಬರುತ್ತದೆ. ಅದನ್ನುಟ್ಟ ದಿನ ಎಡಗಡೆಯನ್ನು ಗೋಡೆಗೆ ಕೊಟ್ಟು ಕೂರುತ್ತೇನೆ. ಕೆಂಪು ಸೀರೆಯ ದೋಷ ಬೆನ್ನಿಗೆ. ಅದನ್ನುಟ್ಟರೆ ಪಂಕ್ತಿಯಿಂದ ಎಲ್ಲರೂ ಎದ್ದು ಹೋದ ಮೇಲೆ ಏಳುತ್ತೇನೆ. "ಅಮರಪ್ಪನ ಹೇಣ್ತಿ ಭಾಳ ವಿನಯದಾಕಿ, ಎಂದೂ ಮುಂದ ಬರೂದಿಲ್ಲ" ಎಂದು ಬಂಧುಬಳಗದಲ್ಲಿ ನನಗೆ ಒಳ್ಳೆಯ ಹೆಸರಿದೆ. (ವಿನಯವಲ್ಲ, ತಪ್ಪಿದ ಎಳೆ.)

ಈ ಸಲ ಮಾತ್ರ ಗಟ್ಟಿ ಮನಸ್ಸು ಮಾಡಿದ್ದೆ. ಅಮೀನಗಡದಲ್ಲಿ ನಮ್ಮವರ ಸೋದರಮಾವನ ಮಗಳು ವಿದ್ಯಾಳ ಕುಬಸ. ಬಸುರಿಯ ಉಡಿ ತುಂಬಲು ಐದು ಜನ ಮುತ್ತೈದೆಯರಲ್ಲಿ ನನ್ನನ್ನೂ ಆರಿಸಿದ್ದರು. ಎಲ್ಲರ ನಡುವೆ ನಿಲ್ಲಬೇಕು, ಬಗ್ಗಬೇಕು, ಆರತಿ ಎತ್ತಬೇಕು. ಗೋಡೆಯ ಆಸರೆ ಇಲ್ಲ. ಒಂದೇ ಒಂದು ಸಲ, ನಾಲ್ಕೂ ದಿಕ್ಕಿನಿಂದ ನೋಡಬಹುದಾದ ಒಂದು ಸೀರೆ ಉಡಬೇಕು ಎಂಬುದು ನನ್ನ ಆಸೆ.

ಆಗ ನನ್ನ ಕೈಗೆ ಆ ಸೀರೆ ಸಿಕ್ಕಿತು.

ಅತ್ತೆಯ ಟ್ರಂಕಿಗೆ ನುಸಿಗುಳಿಗೆ ಹಾಕುವ ಕೆಲಸ ನನ್ನದು. ಅತ್ತೆ ದುರ್ಗವ್ವ ಬಗ್ಗುವುದಿಲ್ಲ, ಅವರಿಗೆ ಮೊಣಕಾಲು. (ಮೊಣಕಾಲು ಎಲ್ಲರಿಗೂ ಇರುತ್ತದೆ. ಆದರೆ ಅತ್ತೆಯ ಮೊಣಕಾಲಿಗೆ ಸ್ವಂತ ಅಭಿಪ್ರಾಯಗಳಿವೆ. ಹುನಗುಂದದ ಸಂತೆಗೆ ಹೊರಟರೆ ತೆಪ್ಪಗಿರುವ ಅದು, ಅಮೀನಗಡದ ತವರಿನಲ್ಲಿ ಕಾರ್ಯವೆಂದರೆ ಹಿಂದಿನ ದಿನವೇ ಹಿಡಿದುಕೊಳ್ಳುತ್ತದೆ.) ಟ್ರಂಕಿನ ತಳದಲ್ಲಿ ಹಳೆಯ ಧೋತರದ ಗಂಟೊಂದಿತ್ತು. ಬಿಚ್ಚಿದೆ. ಒಳಗೆ ಶುದ್ಧ ರೇಷ್ಮೆ. ಮಳೆಗೆ ಮುಂಚಿನ ಮೋಡದ ಬಣ್ಣದ ಒಡಲು. ಕೆಂಪು ಸೆರಗಿನ ಮೇಲೆ ಬಾಚಣಿಗೆ ಹಲ್ಲಿನಂಥ ಬಿಳಿಯ ತೆನೆಗಳು. ಕೈಯಲ್ಲಿ ಎತ್ತಿದರೆ ಎತ್ತಿದ್ದೇ ತಿಳಿಯದು. ಯಾರೋ ಮೆಲ್ಲಗೆ ಹೆಸರು ಹಿಡಿದು ಕರೆದಷ್ಟೇ ಭಾರ. ಬೆಳಕಿಗೆ ಹಿಡಿದು ಎಳೆ ಎಳೆ ಹುಡುಕಿದೆ. ಡ್ಯಾಮೇಜಿಲ್ಲ!

ಇದ್ದದ್ದು ಕಲೆ. ಮಡಿಲು ಬರುವ ಜಾಗದಲ್ಲಿ, ಅಂಗೈಗಿಂತ ತುಸು ಅಗಲಕ್ಕೆ, ಕಾವಿಗೆ ಕೂತ ಕೋಳಿಯ ಆಕಾರದಲ್ಲಿ, ಕಂದೂ ಅಲ್ಲದ ಹಳದಿಯೂ ಅಲ್ಲದ ಒಂದು ಕಲೆ.

"ಇದು ಯಾರ ಸೀರಿರಿ ಅತ್ತಿ?"

ಅತ್ತೆ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿದರು. "ನಂದ ಅನ್ನು."

"ಅನ್ನು ಅಂದ್ರ?"

"ಅನ್ನು ಅಂದ್ರ ಅನ್ನು. ಮಡಚಿ ಇಡು."

"ಇಷ್ಟ ಚಲೋ ಸೀರಿ ಯಾಕ ಉಡಂಗಿಲ್ಲರಿ?"

"ಡಾಗ ಕಾಣವಲ್ದನು? ನಿನ್ನ ಗಂಡ ಅಂಬೆಗಾಲು ಇಡೂದಕ್ಕಿಂತ ಮೊದಲಿನ ಡಾಗ ಅದು. ಸೀಗಿಕಾಯಿ ಹಾಕಿ ನೋಡೇನಿ, ಅಂಟವಾಳ ಹಾಕಿ ನೋಡೇನಿ, ಕಡ್ಲಿಹಿಟ್ಟು ಹಾಕಿ ನೋಡೇನಿ. ಬ್ರಹ್ಮ ಬಂದು ಒಗದ್ರೂ ಹೋಗಂಗಿಲ್ಲ."

"ನಾ ತಗದ್ರ?"

ಅತ್ತೆ ನಕ್ಕರು. ನನ್ನ ಅಡುಗೆಯನ್ನು ಮೊದಲ ಸಲ ಬಾಯಿಗಿಟ್ಟ ದಿನ ನಕ್ಕಂಥ ನಗು. "ತಗದು ತೋರಸು. ಸೀರಿ ನಿಂದ."

ಸಾಕ್ಷಿಗೆ ಯಜಮಾನರನ್ನು ಕರೆದೆ. ಪಕ್ಕದ ಕೋಣೆಯಲ್ಲಿ ಮಗ್ಗಗಳ ಖಟಪಟದ ನಡುವಿನಿಂದ ಅವರು ಕಿವಿಯಲ್ಲಿ ಹತ್ತಿ ಇಟ್ಟುಕೊಂಡೇ ಬಂದು, ವಿಷಯ ತಿಳಿಯುವ ಮುಂಚೆಯೇ "ಹೂಂ" ಎಂದರು. ಸಂಸಾರದ ಎಲ್ಲ ಕರಾರುಗಳಿಗೂ ಅವರು ಸಹಿ ಮಾಡುವ ರೀತಿಯೇ ಅದು.

ಕಲೆ ತೆಗೆಯುವ ಮೊದಲ ಹಕ್ಕು ತನ್ನದೆಂದರು ನಮ್ಮವರು. "ಸೀರಿ ಅಂದ್ರ ನಮ್ಮ ಮೂರು ತಲಿಮಾರಿನ ವಿದ್ಯೆ. ನಿನಗೇನು ತಿಳೀತೈತಿ?" ಎಂದು ಎದೆಯುಬ್ಬಿಸಿದರು. ಇಲ್ಲೊಂದು ಮಾತು ಹೇಳಬೇಕು. ಸೀರೆಯ ಹುಟ್ಟಿನ ಬಗ್ಗೆ ನೇಕಾರರಿಗೆ ಗೊತ್ತಿಲ್ಲದ್ದು ಏನೂ ಇಲ್ಲ. ಆದರೆ ಮಡಿಸಿ ಪೆಟ್ಟಿಗೆಗೆ ಹಾಕಿದ ಮೇಲೆ ಅದರ ಬಾಳು ಏನಾಗುತ್ತದೆಂದು ಅವರಿಗೆ ಪತ್ತೆಯೇ ಇರುವುದಿಲ್ಲ. ಸೀರೆಗೆ ಸಾಂಬಾರು ಬೀಳುತ್ತದೆ, ಕೂಸು ಉಚ್ಚೆ ಹೊಯ್ಯುತ್ತದೆ, ಬಸ್ಸಿನ ಮೊಳೆ ಹಿಡಿಯುತ್ತದೆ ಎಂಬುದೆಲ್ಲ ಅವರ ಪಾಲಿಗೆ ಪುರಾಣ. ನಮ್ಮವರಿಗೆ ಗೊತ್ತಿದ್ದ ಕಲೆ ಜಗತ್ತಿನಲ್ಲಿ ಒಂದೇ, ಮಗ್ಗದ ಎಣ್ಣೆಯದು. ಅದಕ್ಕೆ ಮದ್ದೂ ಒಂದೇ, ಪೆಟ್ರೋಲು.

ಹತ್ತಿಯನ್ನು ಪೆಟ್ರೋಲಿಗೆ ಅದ್ದಿ, ಕಲೆಯ ಕೆಳಗೊಂದು ಹಳೆಯ ಟವೆಲು ಹಾಸಿ, ಅವರು ಧ್ಯಾನಸ್ಥರಾಗಿ ಒತ್ತಿದರು. ಸುಳ್ಳು ಹೇಳಬಾರದು, ಒಂದಷ್ಟು ಜಿಡ್ಡು ಟವೆಲಿಗೆ ಇಳಿಯಿತು. ಕಂದು ಹೋಯಿತು. ಆದರೆ ಇಷ್ಟು ವರ್ಷ ಕಂದಿನ ಮರೆಯಲ್ಲಿ ಮರ್ಯಾದೆಯಿಂದ ಕೂತಿದ್ದ ಹಳದಿ ಈಗ ಮುಖ ತೊಳೆದುಕೊಂಡು ಹೊರಗೆ ಬಂತು. ಕೋಳಿ ಎದ್ದು ನಿಂತಂತಾಯಿತು. ಮೇಲಾಗಿ ಸೀರೆಗೆ ಬಸ್ ಡಿಪೋದ ವಾಸನೆ.

"ಮೊದಲ ಡಾಗ ಕಾಣತಿತ್ತು. ಈಗ ಕಣ್ಣು ಮುಚ್ಚಿದ್ರೂ ಎಲ್ಲೈತಿ ಅಂತ ತಿಳೀತೈತಿ" ಎಂದೆ.

"ಗಾಳಿಗೆ ಹಾಕು, ಹೋಗ್ತೈತಿ" ಎಂದು ಮೂರು ತಲೆಮಾರಿನ ವಿದ್ಯೆ ಕಿವಿಗೆ ಹತ್ತಿ ತುರುಕಿಕೊಂಡು ಮಗ್ಗದ ಕೋಣೆಗೆ ವಾಪಸಾಯಿತು.

ವಾಸನೆ ಹೋದ ಮೇಲೆ ನಾನು ಕೈ ಹಾಕಿದೆ. ಕೆಂಪು ಸೆರಗಿನ ಬಣ್ಣ ಬಿಟ್ಟು ಮೋಡಕ್ಕೆ ರಕ್ತ ಬಳಿಯಬಾರದೆಂದು, ಸೆರಗನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟೆ. ಕಲೆಯ ಜಾಗವನ್ನಷ್ಟೇ ತಣ್ಣೀರಿನಲ್ಲಿ ತೋಯಿಸಿ, ಮೈಗೆ ಹಚ್ಚುವ ಸೋಪಿನ ನೊರೆಯನ್ನು ಬೆರಳ ತುದಿಯಲ್ಲಿ ಸವರಿದೆ. ಕೂಸಿನ ಕೆನ್ನೆ ಸವರಿದಂತೆ, ಅಷ್ಟು ಮೆಲ್ಲಗೆ.

ಹಳದಿ ಕೋಳಿ ನನ್ನ ಕಣ್ಣೆದುರೇ ಕೆಂಪಾಯಿತು. ಕುಂಕುಮದಷ್ಟು ಕೆಂಪು.

ನಾನು ಕೂಗಿದ ಕೂಗಿಗೆ ಮಗ್ಗಗಳು ನಿಂತವು. ಪಕ್ಕದ ಮನೆಯ ಯಾಸ್ಮೀನ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅತ್ತೆಯೂ ಬಂದರು. ಬಂದು ನೋಡಿ, ನಂಬಿದರೆ ನಂಬಿ ಬಿಟ್ಟರೆ ಬಿಡಿ, ಅವರ ಮುಖದಲ್ಲೊಂದು ನೆಮ್ಮದಿ ಮೂಡಿತು.

"ಹೋಗ್ಲಿ ಬಿಡವಾ. ಹಣಿಯಾಗ ಬರದದ್ದು ಅಳಸಾಕ ಆಗತೈತೇನು? ತಾ ಇಲ್ಲೆ, ಟ್ರಂಕಿಗೆ ಇಡತೇನಿ."

"ತಡೀರಿ ಅತ್ತಿ!" ಯಾಸ್ಮೀನ ಅಡ್ಡ ಬಂದಳು. "ಸೋಪ್ ಬಿದ್ದ ಕೂಡ್ಲೇ ಕೆಂಪಾತಂದ್ರ ಇದು ಅರಿಶಿಣ. ಅರಿಶಿಣಕ್ಕ ಸುಣ್ಣ ಬಿದ್ರ ಆರತಿ ನೀರು ಕೆಂಪಾಗಂಗಿಲ್ಲನು ನಿಮ್ಮ ಮನ್ಯಾಗ? ಅದ ಆಟ ಇದು. ಲಿಂಬಿಹಣ್ಣು ತಗೋ ಮಹಾನಂದಾ."

ಒಂದೆರಡು ಹನಿ ಲಿಂಬೆರಸವನ್ನು ಲೋಟದ ನೀರಿಗೆ ಹಾಕಿ ಸವರಿದೆ. ಕೆಂಪು ಮತ್ತೆ ಹಳದಿಯಾಯಿತು. ಇಷ್ಟು ಹೊತ್ತಿನ ಸಾಹಸದಲ್ಲಿ ನಾನು ಸಾಧಿಸಿದ್ದು ಹೊರಟಲ್ಲಿಗೇ ವಾಪಸು ಬಂದದ್ದು. ಆದರೂ ಕುಣಿಯುವಷ್ಟು ಖುಷಿ. ವೈರಿಯ ಹೆಸರು ಗೊತ್ತಾಗಿತ್ತು.

"ಅರಿಶಿಣಕ್ಕ ಬಿಸಿಲಂದ್ರ ಅಂಜಿಕಿ" ಎಂದಳು ಯಾಸ್ಮೀನ. "ನಮ್ಮ ಹಳದಿ ಶಾಸ್ತ್ರದ ಬಟ್ಟಿ ನಾವು ಬಿಸಿಲಿಗೇ ಹಾಕೂದು. ನಾಕ ದಿನಕ್ಕ ಮಾಯ. ಆದ್ರ ನಮ್ಮೂ ಹತ್ತಿ ಅರಿವಿ, ನಿಂದು ರೇಷ್ಮಿ. ಅದು ನನಗ ತಿಳಿಯೂದಿಲ್ಲ."

"ರೇಷ್ಮಿ ಬಿಸಿಲಿಗೆ ಹಾಕ್ತಾರನು?" ಅತ್ತೆ ಎದೆ ಬಡಿದುಕೊಂಡರು. "ಬಣ್ಣ ಹಾರಿ ಬೂದಿ ಆಗತೈತಿ! ನಮ್ಮಪ್ಪ ರೇಷ್ಮಿ ಸೀರಿಗೆ ಬಿಸಿಲಿರ್ಲಿ, ಕಂದೀಲನೂ ತೋರಸತಿದ್ದಿಲ್ಲ."

ಅವರು ಹೇಳಿದ್ದೂ ಖರೆಯೇ. ಕಲೆಗೆ ಬಿಸಿಲು ಬೇಕು, ಸೀರೆಗೆ ಬೇಡ. ಈ ಧರ್ಮಸಂಕಟವನ್ನು ಇಡೀ ರಾತ್ರಿ ಅಲ್ಲ, ಇಡೀ ರೊಟ್ಟಿಯ ಹಿಟ್ಟು ನಾದುವಷ್ಟು ಹೊತ್ತು ಚಿಂತಿಸಿದೆ. ಪರಿಹಾರ ಬುಟ್ಟಿಗೆ ಬಿದ್ದ ಮೊದಲ ರೊಟ್ಟಿಯ ಜೊತೆಗೇ ಬಂತು. ಒಂದು ಹೊಸ ಸೀರೆ ಪೆಟ್ಟಿಗೆಯ ರಟ್ಟು ತೆಗೆದುಕೊಂಡೆ. ಅದರಲ್ಲಿ ಕಲೆಯ ಆಕಾರಕ್ಕೆ ಸರಿಯಾಗಿ ಕೋಳಿಯಂಥ ಕಿಂಡಿ ಕೊರೆದೆ. ಮಾಳಿಗೆಯ ಮೇಲೆ ಚಾಪೆ, ಚಾಪೆಯ ಮೇಲೆ ಸೀರೆ, ಸೀರೆಯ ಮೇಲೆ ದಪ್ಪನೆಯ ಕೌದಿ, ಕಲೆಯ ಮೇಲೆ ಮಾತ್ರ ರಟ್ಟು. ಸೂರ್ಯದೇವ ಹಣಿಕಿ ಹಾಕಬೇಕೆಂದರೆ ಆ ಕಿಂಡಿಯಿಂದಲೇ.

"ನನ್ನ ಹೊಸ ಡಬ್ಬಿ ಹರದ್ಯಾ?" ಎಂದು ನಮ್ಮವರು ಕೆಳಗಿನಿಂದ ಕೂಗಿದರು.

"ಡ್ಯಾಮೇಜು ಆತು. ಮನಿಗೆ ಇಟಗೊಂಡೆ" ಎಂದೆ.

ಬೆಳಗಿನ ಎಳೆ ಬಿಸಿಲಿನಲ್ಲಿ ಮಾತ್ರ, ತಲೆಯ ಮೇಲೆ ಛತ್ರಿ ಹಿಡಿದು, ಕಾಗೆ ಪಾರಿವಾಳಗಳನ್ನು ಹೊಡೆಯುತ್ತ, ನಾನು ಆ ಕಿಂಡಿಯನ್ನು ಕಾದೆ. ದಿನದಿಂದ ದಿನಕ್ಕೆ ಹಳದಿ ತೆಳುವಾಯಿತು. ಕೋಳಿ ಮರಿಯಾಯಿತು, ಮರಿ ತತ್ತಿಯಾಯಿತು. ನನ್ನ ಸಂತೋಷಕ್ಕೆ ಪಾರವಿಲ್ಲ. ವಿಚಿತ್ರವೆಂದರೆ ಕಲೆ ತೆಳುವಾದಷ್ಟೂ ಅತ್ತೆಯ ಮುಖ ದಟ್ಟವಾಗುತ್ತ ಹೋಯಿತು.

ಒಂದು ದಿನ ಮಾಳಿಗೆಯ ಬಾಗಿಲಿಗೆ ಬೀಗ. "ಮಂಗ್ಯಾ ಬರತಾವು" ಎಂದರು. ಇನ್ನೊಂದು ದಿನ, ಆಕಾಶ ಸಾರಿಸಿದ ಅಂಗಳದಂತೆ ಸ್ವಚ್ಛವಿದ್ದಾಗ, "ಮಳಿ ಬರೂ ಹಂಗೈತಿ, ತಗದು ಒಳಗ ಇಡು" ಎಂದರು. ಮತ್ತೊಂದು ದಿನ ನನ್ನ ಪಕ್ಕ ಬಂದು ಕೂತು, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ, "ತುಸು ಡಾಗ ಇರಬೇಕವಾ. ದೃಷ್ಟಿ ಆಗೂದಿಲ್ಲ" ಎಂದರು.

"ನನಗ ಇಷ್ಟ ವರ್ಷ ದೃಷ್ಟಿ ಆಗಿಲ್ಲರಿ ಅತ್ತಿ. ಒಮ್ಮೆ ಆಗ್ಲಿ ಅಂತೇನಿ."

"ಬ್ಯಾರೆ ಸೀರಿ ಕೊಡಸತೇನಿ, ಇದನ್ನ ಬಿಡು."

"ಮಾತು ಮಾತೇರಿ. ತಗದು ತೋರಸು ಅಂದೀರಿ."

ಅತ್ತೆ ಏಳುವಾಗ ಮೊಣಕಾಲು ಹಿಡಿದುಕೊಳ್ಳುವುದನ್ನೂ ಮರೆತಿದ್ದರು. ಕೊಟ್ಟ ಮಾತಿಗೆ ಸಂಕಟಪಡುತ್ತಿದ್ದಾರೆ, ಎಷ್ಟೆಂದರೂ ಅತ್ತೆಯಲ್ಲವೇ ಎಂದುಕೊಂಡೆ. ಆ ರಾತ್ರಿ ನಮ್ಮವರ ಮುಂದೆ ಅವರ ತಾಯಿಯ ಜಿಪುಣತನದ ಕುರಿತು ಒಂದು ಸಣ್ಣ ಉಪನ್ಯಾಸ ಕೊಟ್ಟೆ. ಅವರು "ಹೂಂ" ಎಂದರು. (ಹತ್ತಿ ಇನ್ನೂ ಕಿವಿಯಲ್ಲಿತ್ತು.)

ಕುಬಸದ ಹಿಂದಿನ ದಿನ ಕಲೆ ಪೂರ್ತಿ ಹೋಯಿತು. ಸೀರೆಯನ್ನು ಬೆಳಕಿಗೆ ಹಿಡಿದೆ, ನೆರಳಿಗೆ ಹಿಡಿದೆ, ಯಾಸ್ಮೀನಳ ಕನ್ನಡಕ ಹಾಕಿಕೊಂಡು ನೋಡಿದೆ. ಬರೀ ಮೋಡ. ತವರಿನ ಕಾರ್ಯವಾದ್ದರಿಂದ ಪದ್ಧತಿಯಂತೆ ಅತ್ತೆಯ ಮೊಣಕಾಲು ಹಿಡಿದುಕೊಳ್ಳಬೇಕಿತ್ತು. ಆದರೆ ಬೆಳಿಗ್ಗೆ ನೋಡಿದರೆ ಅವರು ನನಗಿಂತ ಮುಂಚೆ ಸಿಂಗಾರವಾಗಿ ಕಟ್ಟೆಯ ಮೇಲೆ ಕೂತಿದ್ದಾರೆ, ಕೈಯಲ್ಲೊಂದು ಉಣ್ಣೆಯ ಶಾಲು.

"ಇದು ಯಾಕ್ರಿ?"

"ನಿನಗ. ಹೊದ್ದುಕೋ. ಥಂಡಿ ಐತಿ."

ಏಪ್ರಿಲ್ ತಿಂಗಳು. ಇಳಕಲ್ಲಿನಲ್ಲಿ ಕಲ್ಲುಗಳೂ ಬೆವರುವ ಕಾಲ. "ಥಂಡಿರಿ?"

"ಬಸ್ಸಿನಾಗ ಧೂಳು ಇರತೈತಿ. ಹೊದ್ದುಕೋ ಅಂದ್ರ ಹೊದ್ದುಕೋ."

ಹೊಸ ಸೀರೆಯ ಉದಾರ ಮನಸ್ಸಿನಲ್ಲಿ ಹೊದ್ದುಕೊಂಡೆ. ಅಮೀನಗಡ ಬರುವಷ್ಟರಲ್ಲಿ ನಾನು ಅರ್ಧ ಬೆಂದಿದ್ದೆ. ಸೋದರಮಾವನವರ ಮನೆಯ ಹೊಸ್ತಿಲು ದಾಟಿದ ಕೂಡಲೇ ಅತ್ತೆ ನನ್ನ ರಟ್ಟೆ ಹಿಡಿದು ನೇರ ಅಡುಗೆಮನೆಗೆ ನಡೆಸಿದರು. "ಒಳಗ ಕೂಡು. ಹೋಳಿಗಿ ಲಟ್ಟಸು. ಹೊರಗ ಬರಬ್ಯಾಡ." ರೇಷ್ಮೆ ಸೀರೆ, ಅದರ ಮೇಲೆ ಉಣ್ಣೆ ಶಾಲು, ಎದುರಿಗೆ ಹೋಳಿಗೆಯ ಹಂಚು. ಯಾವ ಜನ್ಮದ ಪಾಪವನ್ನು ಹೀಗೆ ಮೂರು ಕಡೆಯಿಂದ ಬೇಯಿಸಿ ತೆಗೆಯುತ್ತಿದ್ದಾರೋ ತಿಳಿಯದು.

ಕೊನೆಗೂ ಹೊರಗಿನಿಂದ ಕರೆ ಬಂತು. "ಮಹಾನಂದಾ ಎಲ್ಲಿ? ಉಡಿ ತುಂಬಾಕ ಬರ್ರಿ!"

ಹಸಿರು ಸೀರೆ, ಹಸಿರು ಬಳೆ ತೊಟ್ಟ ವಿದ್ಯಾ ಮಣೆಯ ಮೇಲೆ ಕೂತಿದ್ದಳು. ಶಾಲು ಹೊದ್ದು ಉಡಿ ತುಂಬಲಾಗುತ್ತದೆಯೇ? ಅತ್ತೆ ಕಣ್ಣಲ್ಲೇ ಬೇಡವೆನ್ನುತ್ತಿದ್ದರು. ನಾನು ಶಾಲು ಕಿತ್ತು ಗೂಟಕ್ಕೆ ಸಿಕ್ಕಿಸಿ ನಡುಮನೆಗೆ ನಡೆದೆ.

ಆಹಾ! ಆ ಒಂದು ಗಳಿಗೆಗಾಗಿ ನಾನು ಯಾರಿಗೆಲ್ಲ ಕೃತಜ್ಞಳೋ ಗೊತ್ತಿಲ್ಲ. ಸೂರ್ಯನಿಗೋ, ಲಿಂಬೆಹಣ್ಣಿಗೋ, ಯಾಸ್ಮೀನಳಿಗೋ. ತಲೆಗಳು ತಿರುಗಿದವು. ಮಾತುಗಳು ನಿಂತವು. ಗೋಡೆಯ ಹಂಗಿಲ್ಲದೆ, ನಾಲ್ಕು ದಿಕ್ಕಿಗೂ ಬೆನ್ನು ತೋರಿಸುತ್ತ ಬೇಕೆಂದೇ ಒಂದು ಸುತ್ತು ಹೆಚ್ಚು ತಿರುಗಿದೆ. ಬಗ್ಗಿ ವಿದ್ಯಾಳ ಉಡಿಗೆ ಅಕ್ಕಿ ಹಾಕುತ್ತಿದ್ದಾಗ ಯಾರೋ ಹಿಂದಿನಿಂದ ನನ್ನ ಸೆರಗು ಹಿಡಿದರು.

ತಿರುಗಿದರೆ ಬನಶಂಕರವ್ವ. ಅತ್ತೆಯ ಒಡಹುಟ್ಟಿದ ಅಕ್ಕ, ನನಗೆ ದೊಡ್ಡತ್ತೆ. ಕುಳಗೇರಿ ಕ್ರಾಸಿನವರು. ಅಕ್ಕತಂಗಿ ಎದುರೆದುರು ಕೂತದ್ದನ್ನು ನಾನು ಮದುವೆಯಾದಾಗಿನಿಂದ ನೋಡಿಲ್ಲ. ದೊಡ್ಡತ್ತೆ ಬರುವ ಕಾರ್ಯಕ್ಕೆ ಅತ್ತೆಯ ಮೊಣಕಾಲು ಬರುತ್ತಿರಲಿಲ್ಲ.

ಆಕೆ ನನ್ನನ್ನು ನೋಡುತ್ತಿರಲಿಲ್ಲ. ಒಡಲೂ ಸೆರಗೂ ಕೂಡುವ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು, ಹಳೆಯ ಗಾಯವನ್ನು ಸವರುವಂತೆ.

"ಇಲ್ಲಿ ಬಣ್ಣ ತುಸು ಬ್ಯಾರೆ ಐತಿ" ಎಂದರು ಮೆಲ್ಲಗೆ. "ಕಡೀಕ ನೂಲು ಸಾಲಲಿಲ್ಲ. ಇನ್ನೊಂದು ಗಡಿಗ್ಯಾಗ ಬಣ್ಣ ಹಾಕಿ ಮುಗಿಸಿದ ನಮ್ಮಪ್ಪ. ನನ್ನ ಲಗ್ನದ ಹಿಂದಿನ ದಿನ." ಆಮೇಲೆ ತಲೆಯೆತ್ತಿ, ಇಡೀ ನಡುಮನೆಗೆ ಕೇಳುವಂತೆ, "ಏ ದುರ್ಗೀ! ಇದು ನನ್ನ ಸೀರಿ ಅಲ್ಲೇನಬೇ?"

ಗೂಟದ ಮೇಲಿನ ಶಾಲು ಆ ಹೊತ್ತಿಗೆ ನನಗೆ ಬಹಳ ದೂರದಲ್ಲಿತ್ತು.

ಅತ್ತೆ ಕಂಬ ಹಿಡಿದು ನಿಂತಿದ್ದರು. ಜೀವಮಾನದಲ್ಲಿ ಯಾರ ಮುಂದೂ ತಗ್ಗದ ನನ್ನ ಅತ್ತೆಯ ದನಿ, ತಪ್ಪು ಲೆಕ್ಕ ಮಾಡಿದ ಸಾಲಿ ಹುಡುಗಿಯ ದನಿಯಾಗಿತ್ತು. "ಹೌದಕ್ಕ. ಅಮರೂನ ತೊಟ್ಟಲದಾಗ ಹಾಕೂ ದಿನ ಉಡಾಕಂತ ಇಸಗೊಂಡಿದ್ದೆ. ಕೂಸಿಗೆ ಅರಿಶಿಣ ಎಣ್ಣಿ ಹಚ್ಚಿ ಎರದು, ಹಸಿಮೈಲೆ ತಂದು ನನ್ನ ಮಡಿಲಾಗ ಇಟ್ರು. ಡಾಗ ಬಿತ್ತು. ಎಷ್ಟು ತಿಕ್ಕಿದ್ರೂ ಹೋಗಲಿಲ್ಲ. ಇಸಗೊಂಡ ಸೀರಿ ತೊಳದು, ಎಲಿ ಅಡಿಕಿ ಇಟ್ಟು ಕೊಡಬೇಕಲ್ಲ? ಅಪ್ಪ ನಿನಗಂತ ನೇದ ಸೀರಿ, ಹೊಲಸು ಮಾಡಿ ಹೆಂಗ ಕೊಡ್ಲಿ? ಹೋದ ಮ್ಯಾಲೆ ಕೊಡೋಣು, ಹೋದ ಮ್ಯಾಲೆ ಕೊಡೋಣು ಅಂತ..." ಮುಂದಿನ ಮಾತು ಸೆರಗಿನಲ್ಲಿ ಮುಳುಗಿತು.

ಓಹೋ. ನಾನು ಛತ್ರಿ ಹಿಡಿದು ಮಾಳಿಗೆಯ ಮೇಲೆ ಹೋರಾಡಿದ ಆ ಐತಿಹಾಸಿಕ ವೈರಿ ನನ್ನ ಸ್ವಂತ ಗಂಡ.

"ಎಲ್ಲೈತಿ ಆ ಕೂಸು?" ಎಂದರು ದೊಡ್ಡತ್ತೆ. "ಕರೀರಿ ಅದನ್ನ."

ಗಂಡಸರ ಪಂಕ್ತಿಯಿಂದ ಕೂಸನ್ನು ಕರೆತಂದರು. ಅರ್ಧ ಬೋಳುತಲೆ, ಮೀಸೆಗೆ ಹತ್ತಿದ ತುಪ್ಪ, ಕೈಯಲ್ಲಿ ಅರ್ಧ ಹೋಳಿಗೆ. ದೊಡ್ಡತ್ತೆ ಅವರನ್ನು ಮೇಲಿನಿಂದ ಕೆಳಗೆ ನೋಡಿ, ಮೂಗಿನ ಮೇಲೆ ಕಣ್ಣು ನಿಲ್ಲಿಸಿದರು.

"ಇಷ್ಟಕ್ಕಬೇ ದುರ್ಗಿ? ಒಂದು ಡಾಗಿಗೆ ಅಂಜಿ ನನ್ನ ಮುಂದ ಬರೂದು ಬಿಟ್ಯಾ? ನಾ ಏನೇನರ ತಿಳಕೊಂಡಿದ್ದೆ. ತೊಟ್ಟಲದಾಗ ಈ ಕೂಸಿನ ಮೂಗು ನೋಡಿ ನಕ್ಕಿದ್ದೆ. ಬದನಿಕಾಯಿ ಅಂದಿದ್ದೆ. ಅದಕ್ಕ ನೀ ಸಿಟ್ಟಾಗಿ, ಮಾತು ಬಿಟ್ಟಿ ಅಂತ... ನಿನ್ನ ಮನಿ ಹೊಸ್ತಲಾ ತುಳಿಯಾಕ ನನಗೂ ಅಂಜಿಕಿ."

"ಮೂಗಿಗೆ ಸಿಟ್ಟಾಗೂದೇನೈತಕ್ಕ? ಅದು ಖರೇನ ಬದನಿಕಾಯಿ."

ನಡುಮನೆಯ ಅಷ್ಟೂ ಹೆಂಗಸರು ಆ ಮೂಗನ್ನು ನೋಡಿದರು. ನಮ್ಮವರು ಏನೆಂದು ತಿಳಿಯದೆ, ಅಭ್ಯಾಸಬಲದಿಂದ "ಹೂಂ" ಎಂದರು. ಆಗ ಎದ್ದ ನಗೆಗೆ ಬಸುರಿಯ ಉಡಿಯ ಅಕ್ಕಿ ಕೂಡ ಚೆಲ್ಲಿತು. ನಗುನಗುತ್ತಲೇ ಅಕ್ಕತಂಗಿ ಒಬ್ಬರ ಹೆಗಲಿಗೊಬ್ಬರು ಬಿದ್ದು ಅತ್ತರು. ನಾನೂ ಅತ್ತೆ. (ಅರ್ಧ ಅವರಿಗಾಗಿ. ಉಳಿದರ್ಧ ಯಾಕೆಂದು ಮುಂದೆ ನೋಡಿ.)

"ಖರೆ ಹೇಳ್ಲಿ?" ದೊಡ್ಡತ್ತೆ ಕಣ್ಣೊರೆಸಿಕೊಂಡರು. "ಸೀರಿ ನಿನಗ ಕೊಟ್ಟದ್ದ ಮರತಿದ್ದೆ. ಎಲ್ಲೋ ಕಳದೈತಿ ಅಂತ ಅದರ ಆಸೆನ ಬಿಟ್ಟಿದ್ದೆ."

ನನಗೆ ಹೋದ ಜೀವ ಬಂದಂತಾಯಿತು.

"ಈಗ ನೆನಪಾತು" ಎಂದರು. "ಕೊಡವಾ."

ನನ್ನ ಕೈ ತಾನಾಗಿ ಹೆಗಲಿಗೆ ಹೋಯಿತು. "ಈಗಲ್ಲ ಹುಚ್ಚಿ, ಉಟ್ಟ ಸೀರಿ ಬಿಡಸಬಾರದು. ನಿಮ್ಮ ಮನಿಗೇ ಬಂದು ತಗೋತೇನಿ. ಅಂತೂ ಡಾಗ ತಗದಾಕಿ ನೀನ ಹೌದಲ್ಲ? ನಿನ್ನ ಕೈಗೆ ಬಂಗಾರದ ಬಳಿ ಹಾಕಬೇಕು ನೋಡು" ಎಂದು ದೊಡ್ಡತ್ತೆ ಬಾಯಿ ತುಂಬ ಹರಸಿ, ಬಂಗಾರದ ಮಾತು ಅಲ್ಲಿಗೇ ಬಿಟ್ಟು, ಚೀಲ ತಗೊಂಡು ನಮ್ಮ ಜೊತೆಗೇ ಬಸ್ಸು ಹತ್ತಿದರು. ಇಬ್ಬರು ಕೂರುವ ಸೀಟಿನಲ್ಲಿ ಅಕ್ಕತಂಗಿ ಕೂತರು. ನಾನು ಅವರ ಪಕ್ಕ ಕಂಬಿ ಹಿಡಿದು ಇಳಕಲ್ಲಿನವರೆಗೂ ನಿಂತೆ. ಅವರಿಗೆ ಮಾತಾಡುವುದು ಎಷ್ಟಿತ್ತೆಂದರೆ ಕಂಡಕ್ಟರ್ ಟಿಕೀಟು ಕೇಳಲು ಮೂರು ಸಲ ಬಂದು ವಾಪಸಾದ.

ಮಾರನೆಯ ಬೆಳಿಗ್ಗೆ, ರಾತ್ರಿ ಗಾಳಿಗೆ ಹರವಿದ್ದ ಸೀರೆಯನ್ನು ಮಡಿಸಿ, ಎಲೆ ಅಡಿಕೆ ಇಟ್ಟು ದೊಡ್ಡತ್ತೆಗೆ ಕೊಡಲು ತಂದೆ. ದೊಡ್ಡತ್ತೆ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದರು. ಅತ್ತೆ ಬಾಗಿಲಲ್ಲೇ ನನ್ನನ್ನು ತಡೆದು, ಸೀರೆ ಕಸಿದು, ಕಿಟಕಿಗೆ ಹಿಡಿದು ಕಣ್ಣು ಕಿರಿದು ಮಾಡಿದರು.

"ಇಲ್ಲೆ ನೋಡು. ಇನ್ನೂ ತುಸು ಹಳದಿ ಐತಿ."

"ಎಲ್ಲೈತ್ರಿ ಅತ್ತಿ? ಒಂದು ಚೂರೂ ಇಲ್ಲ!"

"ನಿನ್ನ ಕಣ್ಣಿಗೆ ಕಾಣಂಗಿಲ್ಲ."

"ನಿಮ್ಮ ಕಣ್ಣಿಗೆ ಪೊರೆ ಬಂದೈತಿ, ಆದ್ರೂ ಕಾಣತೈತೇನ್ರಿ?"

ಅತ್ತೆ ಒಮ್ಮೆ ಹಿತ್ತಲ ಕಡೆ ನೋಡಿ ದನಿ ತಗ್ಗಿಸಿದರು. "ಸೀರಿ ಕೈಗೆ ಬಂದ ಕೂಡ್ಲೇ ಬಸ್ಸು ಹತ್ತತಾಳವಾ ಅಕಿ. ಮೊದಲಿಂದ ಅಕಿಗೆ ಗಡಬಡಿ ಭಾಳ." ಅಷ್ಟು ಹೇಳಿ ನನ್ನ ಮುಖ ನೋಡಿದರು. ಅಪ್ಪಣೆ ಕೊಟ್ಟೇ ಗೊತ್ತಿದ್ದ ಆ ಕಣ್ಣುಗಳು ಆಗ ನನ್ನಿಂದ ಏನನ್ನೋ ಬೇಡುತ್ತಿದ್ದವು.

ನಾನು ಕಿಂಡಿಯ ರಟ್ಟು ಎತ್ತಿಕೊಂಡು ಮಾಳಿಗೆ ಹತ್ತಿದೆ.

ಈಗ ಇದು ನನ್ನ ದಿನಚರಿ. ಕಲೆಯಿಲ್ಲದ, ನನ್ನದಲ್ಲದ ಸೀರೆಯಿಂದ ದಿನಾ ಬೆಳಿಗ್ಗೆ ಕಲೆ ತೆಗೆಯುತ್ತೇನೆ. ಪಾಪ, ಆ ರೇಷ್ಮೆಯನ್ನು ಸುಮ್ಮನೆ ಬಿಸಿಲಿಗೆ ಒಡ್ಡಿ ಯಾಕೆ ಕೊಲ್ಲಲಿ? ಅದನ್ನು ಮೆಟ್ಟಿಲ ನೆರಳಲ್ಲಿ ಮಡಿಸಿಟ್ಟು, ಖಾಲಿ ಚಾಪೆಯ ಮೇಲೆ ಖಾಲಿ ರಟ್ಟು ಇಟ್ಟು, ಛತ್ರಿ ಹಿಡಿದು ಕಾಯುತ್ತೇನೆ. ಕೆಳಗಿನಿಂದ ಇಬ್ಬರ ನಗು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬರುತ್ತದೆ. ನನ್ನ ಅತ್ತೆಗೆ ಹಾಗೆ ನಗಲು ಬರುತ್ತದೆಂದು ಈ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ಸೀರೆ ಹೋದರೆ ಹೋಯಿತು. ಇಂಥ ನಗು ಯಾವ ಮಗ್ಗದಲ್ಲಿ ನೇದು ಬಂದೀತು ಎಂದುಕೊಂಡು, ಕಣ್ಣು ತುಂಬಿ, ಕಾಗೆಗಳಿಗೂ ಕೈ ಮುಗಿಯಬೇಕೆನಿಸುತ್ತದೆ.

ನಿನ್ನೆ ಹಾಗೆ ಕೂತಿದ್ದಾಗ ದೊಡ್ಡತ್ತೆ ಸದ್ದಿಲ್ಲದೆ ಮಾಳಿಗೆಗೇ ಬಂದುಬಿಟ್ಟರು. ನಾನು ಬೆಚ್ಚಿ ಎದ್ದು ನಿಂತೆ. ಚಾಪೆಯ ಮೇಲೆ ಸೀರೆ ಇಲ್ಲ. ರಟ್ಟಿನ ಕಿಂಡಿಯಿಂದ ಬಿಸಿಲು ಬರೀ ಚಾಪೆಯ ಮೇಲೆ ಬಿದ್ದಿದೆ. ಮೆಟ್ಟಿಲ ಬದಿಯಲ್ಲಿ ಮಡಿಸಿಟ್ಟ ಸೀರೆಯನ್ನು ಅವರು ದಾಟಿಕೊಂಡೇ ಬಂದಿದ್ದಾರೆ.

ದೊಡ್ಡತ್ತೆ ಸೆರಗಿನಿಂದ ಕನ್ನಡಕ ಒರೆಸಿ ಹಾಕಿಕೊಂಡರು. ನಿಧಾನವಾಗಿ ಬಗ್ಗಿ, ಖಾಲಿ ಚಾಪೆಯ ಮೇಲಿನ ಆ ಬಿಸಿಲಿನ ತುಂಡನ್ನು ಎಡಗಡೆಯಿಂದ ನೋಡಿದರು, ಬಲಗಡೆಯಿಂದ ನೋಡಿದರು, ಹೆಬ್ಬೆರಳಿನಿಂದ ಉಜ್ಜಿಯೂ ನೋಡಿದರು.

"ಹೂಂ. ಇನ್ನೂ ಐತಿ" ಎಂದರು. "ಭಾಳ ಹಳೀ ಡಾಗ ಇದು, ಗಡಬಡಿ ಮಾಡಬ್ಯಾಡ, ಸಾವಕಾಶ ತಗಿ. ಮತ್ತ ಹಂಗ ಕೆಳಗ ಬಂದು ನಮ್ಮಿಬ್ಬರಿಗೂ ಚಾ ಇಡವಾ. ಸಕ್ಕರಿ ತುಸು ಮುಂದಿರ್ಲಿ."